ಟೆಂಡರ್ ಕರೆದ ಮೇಲೆ ವಿನ್ಯಾಸಕರನ್ನು ಕರೆಯಬೇಡಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಸಾರ್ವಜನಿಕ ಕಾಮಗಾರಿಗಳನ್ನು ನಿರ್ಧರಿಸುವ ಅಧಿಕಾರಿಗಳಿಗೆ, ಚುನಾಯಿತ ಪ್ರತಿನಿಧಿಗಳಿಗೆ ಮತ್ತು ನನ್ನ ವೃತ್ತಿಬಾಂಧವರಿಗೆ,

ಮಾನ್ಯರೆ,

ಮಂಗಳೂರಿನಲ್ಲಿ ಹದಿನೆಂಟು ವರ್ಷಗಳಿಂದ ವಿನ್ಯಾಸದ ಕೆಲಸ ಮಾಡಿಕೊಂಡು ಬಂದವಳು ನಾನು. ಈಚೆಗೆ ನನ್ನನ್ನು ಒಂದು ಸಭೆಗೆ ಕರೆದಿದ್ದರು. ಅದು ಯಾರ ಸಭೆ ಎಂದು ಹೇಳುವ ಅಗತ್ಯ ಕಾಣುವುದಿಲ್ಲ; ಇಂತಹ ಸಭೆಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತವೆ. ಮೇಜಿನ ಮೇಲೆ ಬಸ್ ತಂಗುದಾಣವೊಂದರ ನಕ್ಷೆ ಇತ್ತು. ಅಂದಾಜುಪಟ್ಟಿಗೆ ಮಂಜೂರಾತಿ ಸಿಕ್ಕಿತ್ತು, ಟೆಂಡರ್ ಕರೆದು ಆಗಿತ್ತು, ಗುತ್ತಿಗೆದಾರರೂ ಬಂದು ಕುಳಿತಿದ್ದರು. ಚಹಾ, ಗೇರುಬೀಜ ಬಂದ ಮೇಲೆ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಮೇಡಂ, ಇನ್ನು ನೀವು ಸ್ವಲ್ಪ ಚಂದ ಮಾಡಿ ಕೊಡಿ, ನಮ್ಮ ಕರಾವಳಿಯ ಟಚ್ ಇರಲಿ" ಎಂದರು. ಕಂಬಗಳಿಗೆ ಯಕ್ಷಗಾನದ ಕಿರೀಟ ಬರೆಸಬಹುದು ಎಂಬ ಸಲಹೆಯೂ ಬಂತು. ತಂಗುದಾಣದ ಬಾಯಿ ಪಡುವಣಕ್ಕೆ ತೆರೆದಿತ್ತು. ಮಳೆಗಾಲದಲ್ಲಿ ಇಲ್ಲಿ ಗಾಳಿಮಳೆ ಬರುವುದು ಆ ದಿಕ್ಕಿನಿಂದಲೇ ಅಲ್ಲವೆ ಎಂದು ನಾನು ಕೇಳಿದೆ. "ಹೌದು ಮೇಡಂ, ಆದರೆ ಅದೆಲ್ಲ ಈಗ ಫಿಕ್ಸ್ ಆಗಿದೆ" ಎಂಬ ಉತ್ತರ ಬಂತು. ಹೇಳಿದವರಲ್ಲಿ ಅಸಡ್ಡೆ ಇರಲಿಲ್ಲ. ಅವರಿಗೂ ನಿಜವಾಗಿ ಬೇಸರವಾದಂತೆ ಕಂಡಿತು. ಆ ಪ್ರಶ್ನೆ ಕೇಳಬೇಕಾಗಿದ್ದ ಹೊತ್ತು ಮಾತ್ರ ಯಾವತ್ತೋ ದಾಟಿಹೋಗಿತ್ತು. ಆ ಹೊತ್ತನ್ನು ನಾವು ಪ್ರತಿ ಸಲವೂ ಹೇಗೆ ಕಳೆದುಕೊಳ್ಳುತ್ತೇವೆ, ಅದರಲ್ಲಿ ನಿಮ್ಮ ಪಾಲೆಷ್ಟು, ನನ್ನಂಥವರ ಪಾಲೆಷ್ಟು ಎಂಬುದನ್ನು ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಡಿಸೈನರ್ ಎಂದರೆ ಬ್ರಹ್ಮಕಲಶೋತ್ಸವಕ್ಕೆ ಫ್ಲೆಕ್ಸ್ ಮಾಡುವವರು, ಮದುವೆಯ ಕಾಗದ ಮಾಡುವವರು, ಈಚೆಗೆ ಮೊಬೈಲ್ ಆ್ಯಪ್ ಮಾಡುವವರು. ಈ ಕೆಲಸಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ನನ್ನ ಕಚೇರಿಯ ಬಾಡಿಗೆ ಎಷ್ಟೋ ವರ್ಷ ಸಂದಾಯವಾದದ್ದು ಫ್ಲೆಕ್ಸಿನ ದುಡ್ಡಿನಲ್ಲೇ. ಆದರೆ ಜನ ಎಲ್ಲಿ ನಿಲ್ಲಬೇಕು, ಯಾವುದು ಅವರ ಕಣ್ಣಿಗೆ ಮೊದಲು ಬೀಳಬೇಕು, ಯಾವ ಕೆಲಸ ಸಲೀಸಾಗಬೇಕು, ಯಾವುದಕ್ಕೆ ನಾಲ್ಕು ಸಲ ಅಲೆಯಬೇಕು ಎಂಬುದನ್ನೆಲ್ಲ ಅವರು ಬರುವುದಕ್ಕೆ ಮುಂಚೆಯೇ ಯಾರೋ ತೀರ್ಮಾನಿಸಿಟ್ಟಿರುತ್ತಾರೆ. ಆ ತೀರ್ಮಾನವನ್ನೇ ನಾನು ವಿನ್ಯಾಸ ಎನ್ನುವುದು. ಈ ಅರ್ಥದಲ್ಲಿ ನೋಡಿದರೆ ವಿನ್ಯಾಸ ಸಮಾಜವನ್ನು ನಡೆಸುತ್ತ ಬಂದದ್ದು ಇವತ್ತು ನಿನ್ನೆಯ ಸಂಗತಿಯಲ್ಲ, ನಡೆಸಿದ ದಾರಿಯೆಲ್ಲ ಒಳ್ಳೆಯದೂ ಅಲ್ಲ. ನಮ್ಮ ಹಳೆಯ ಮನೆಗಳ ಜಗಲಿಯನ್ನೇ ನೋಡಿ. ಯಾರು ಅಂಗಳದ ಕೊನೆಯಲ್ಲಿ ನಿಂತು ಕೂಗಿ ಕರೆಯಬೇಕು, ಯಾರು ಜಗಲಿಯ ಕೆಳಗಿನ ಮೆಟ್ಟಿಲವರೆಗೆ ಬರಬಹುದು, ಯಾರಿಗೆ ಚಾಪೆ, ಯಾರಿಗೆ ಮಣೆ ಎಂದು ಫಲಕ ಬರೆದು ತೂಗುಹಾಕಿರಲಿಲ್ಲ. ಮೆಟ್ಟಿಲು, ಕಂಬ, ಮಾಡಿನ ಇಳಿಜಾರು ಇವೇ ಅದನ್ನು ಹೇಳುತ್ತಿದ್ದವು, ತಲೆಮಾರುಗಳ ಕಾಲ ಜನ ಅದನ್ನು ತಪ್ಪದೆ ಓದಿಕೊಂಡರು. ಇಂದು ಅದೇ ಜಗಲಿ ಕಾಫಿ ಕೆಫೆಗಳಲ್ಲಿ ಅಲಂಕಾರವಾಗಿ ಕುಳಿತಿದೆ, ಅಂತಹ ಎರಡು ಕೆಫೆಗಳಿಗೆ ನಾನೂ ಕೆಲಸ ಮಾಡಿದ್ದೇನೆ. ಕಂಬದ ಚಂದವನ್ನು ಅಳತೆ ಮಾಡಿ ತಂದೆ. ಅದು ಯಾರನ್ನು ಹೊರಗಿಟ್ಟಿತ್ತು ಎಂದು ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ.

ಒಳ್ಳೆಯ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ, ಉಡುಪಿಗೆ ಹೋದರೆ ಸಾಕು. 1925ರಲ್ಲಿ ಅಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿತು. ಕೈಮಗ್ಗದ ವ್ಯಾಪಾರ ಕುಸಿದು ಕಂಗಾಲಾಗಿದ್ದ ಸ್ಥಳೀಯ ನೇಕಾರರಿಗೆ ಹಣಕಾಸಿನ ನೆರವು ಒದಗಿಸುವುದು ಅದರ ಉದ್ದೇಶವಾಗಿತ್ತು. ಕಟ್ಟಿದವರು ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವ ಮತ್ತು ವೈದ್ಯರಾದ ಡಾ. ಟಿ.ಎಂ.ಎ. ಪೈ. ಮೂರು ವರ್ಷಗಳ ನಂತರ, 1928ರಲ್ಲಿ, ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡು ಆಣೆಯಷ್ಟು ಚಿಕ್ಕ ಮೊತ್ತವನ್ನೂ ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುವ ಏರ್ಪಾಡು ಅದು. ಆ ಮೂವರಲ್ಲಿ ಯಾರೂ ತಮ್ಮನ್ನು ವಿನ್ಯಾಸಕರೆಂದು ಕರೆದುಕೊಂಡವರಲ್ಲ. ಆದರೂ ನನ್ನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮವಾದ ಪಾಠ ನನ್ನಲ್ಲಿ ಇಲ್ಲ.

ಯಾಕೆಂದರೆ ಬಡವರಿಗೆ ಉಳಿತಾಯದ ಬುದ್ಧಿಯಿಲ್ಲ ಎಂದು ಆಗ ಯಾರಾದರೂ ಹೇಳಿ ಮುಗಿಸಬಹುದಿತ್ತು. ಉಳಿತಾಯದ ಮಹತ್ವ ಸಾರುವ ಭಾಷಣ ಮಾಡಿಸಬಹುದಿತ್ತು, ಇಂದಿನವರಾಗಿದ್ದರೆ ಜಾಗೃತಿ ಜಾಥಾ ಮಾಡಿಸುತ್ತಿದ್ದರು. ಪಿಗ್ಮಿ ಹಾಗೆ ಹೋಗಲಿಲ್ಲ. ಕೂಲಿ ಸಿಗುವುದು ದಿನಗೂಲಿಯಾಗಿ, ಖರ್ಚಾಗುವುದೂ ದಿನದಿನಕ್ಕೆ, ಆದ್ದರಿಂದ ಉಳಿತಾಯವೂ ದಿನದ್ದೇ ಆಗಬೇಕು. ಕೆಲಸದ ಹೊತ್ತಿಗೇ ಬ್ಯಾಂಕೂ ತೆರೆದಿರುವುದರಿಂದ ಬ್ಯಾಂಕೇ ಎದ್ದು ಬರಬೇಕು. ದೊಡ್ಡ ಕಟ್ಟಡದ ಕೌಂಟರ್ ಮುಂದೆ ನಿಲ್ಲಲು ಸಂಕೋಚವಿರುವವರಿಗೆ ಪರಿಚಯದ ಒಬ್ಬ ಮನುಷ್ಯ ಕೌಂಟರ್ ಆಗಬೇಕು. ನಾನು ಪಿಗ್ಮಿಯನ್ನು ಓದಿಕೊಂಡದ್ದು ಹೀಗೆ. ಇಂದಿಗೂ ಮೀನು ಮಾರುಕಟ್ಟೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನಿಂತು ನೋಡಿ. ಪಿಗ್ಮಿಯವರು ಬಂದಾಗ ಮೀನಿನ ಬುಟ್ಟಿಯ ಹಿಂದೆ ಕುಳಿತ ಹೆಂಗಸು ಏಳುವುದಿಲ್ಲ, ಕತ್ತಿ ಕೆಳಗಿಟ್ಟು ಸೊಂಟದ ಚೀಲದಿಂದ ಒದ್ದೆ ನೋಟು ತೆಗೆದು ಕೊಡುತ್ತಾಳೆ, ಅವರು ಕೈಯ ಮೆಶೀನಿನಿಂದ ಒಂದು ಚೀಟಿ ಹರಿದು ಕೊಡುತ್ತಾರೆ, ಗಿರಾಕಿ ಕಾಯುವುದು ಅರ್ಧ ನಿಮಿಷ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು, ಆದರೆ 'ಪಿಗ್ಮಿ ಕಟ್ಟುವುದು' ಎಂಬ ಮಾತು ನಮ್ಮ ನುಡಿಯೊಳಗೆ ಉಳಿದಿದೆ.

ಇದೇ ಬಗೆಯ ಇನ್ನೊಂದು ಕೆಲಸ ಇಡೀ ದೇಶದ ಮಟ್ಟದಲ್ಲಿ ನಡೆದದ್ದು 1951–52ರ ಮೊದಲ ಮಹಾಚುನಾವಣೆಯಲ್ಲಿ. ಓದು ಬರುವವರು ನೂರಕ್ಕೆ ಹದಿನೆಂಟರಷ್ಟೇ ಇದ್ದ ದೇಶದಲ್ಲಿ ಪ್ರತಿ ವಯಸ್ಕರಿಗೂ ಮತ ಎಂದು ಸಂವಿಧಾನ ಹೇಳಿತ್ತು. ಅದನ್ನು ಮತಗಟ್ಟೆಯಲ್ಲಿ ಆಗುವಂತೆ ಮಾಡಿದ್ದು ಜೋಡೆತ್ತು, ದೀಪದಂತಹ ಚಿಹ್ನೆಗಳು ಮತ್ತು ಅಭ್ಯರ್ಥಿಗೊಂದರಂತೆ ಇರಿಸಿದ ಬೇರೆ ಬೇರೆ ಪೆಟ್ಟಿಗೆಗಳು. ಮುಂದೆ ಮತಯಂತ್ರ ಬಂತು. ಅದನ್ನು ತಯಾರಿಸಿದ ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್). ಅದರ ರೂಪದ ಹಿಂದೆ ಮುಂಬಯಿಯ ಐಐಟಿಯ ವಿನ್ಯಾಸ ಅಧ್ಯಾಪಕರ ಕೆಲಸವಿದೆ. 1982ರಲ್ಲಿ ನಮ್ಮ ನೆರೆಯ ಕೇರಳದ ಪರವೂರಿನಲ್ಲಿ ಅದು ಮೊದಲ ಬಾರಿಗೆ ಬಳಕೆಯಾಯಿತು. ಗುಂಡಿ ಒತ್ತಿದ ಮೇಲೆ ಬರುವ ಆ ಉದ್ದನೆಯ ಬೀಪ್ ಶಬ್ದವನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಯಾವ ಭಾಷೆಯನ್ನೇ ಆಡಿದರೂ, ಅಕ್ಷರ ಬಂದರೂ ಬಾರದಿದ್ದರೂ, "ನನ್ನ ಓಟು ಬಿತ್ತು" ಎಂಬುದು ಮತದಾರರಿಗೆ ಅದರಿಂದ ಗೊತ್ತಾಗುತ್ತದೆ. ಹಕ್ಕನ್ನು ಕೊಟ್ಟದ್ದು ಸಂವಿಧಾನ, ಅದಕ್ಕಾಗಿ ಹೋರಾಡಿದವರು ಬೇರೆಯವರು. ವಿನ್ಯಾಸಕರು ಮಾಡಿದ್ದು ಆ ಹಕ್ಕು ಕೈಗೆಟಕುವಂತೆ ಮಾಡುವ ಕೆಲಸ, ಅದಕ್ಕಿಂತ ಹೆಚ್ಚಿಲ್ಲ. ಸಮಾಜವನ್ನು ಬದಲಾಯಿಸುತ್ತೇವೆ ಎಂದು ವೇದಿಕೆಗಳಲ್ಲಿ ಹೇಳಿಕೊಳ್ಳುವ ನನ್ನ ವೃತ್ತಿಬಾಂಧವರು ಈ ಅಳತೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ನನ್ನದೇ ಒಂದು ಸೋಲನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಆಸ್ಪತ್ರೆಗೆ ದಾರಿ ತೋರಿಸುವ ಫಲಕಗಳನ್ನು ಮಾಡಿಕೊಟ್ಟೆ. ತಿಳಿನೀಲಿ ಹಿನ್ನೆಲೆ, ಬಿಳಿಯ ಅಕ್ಷರ, ಪ್ರತಿ ವಿಭಾಗಕ್ಕೂ ನಾನೇ ಬರೆದ ಪುಟ್ಟ ಚಿತ್ರ. ಆಡಳಿತದವರಿಗೆ ಬಹಳ ಮೆಚ್ಚಿಗೆಯಾಯಿತು, ನಾನು ಫೋಟೋ ತೆಗೆದು ನನ್ನ ಕೆಲಸಗಳ ಪಟ್ಟಿಗೆ ಸೇರಿಸಿಕೊಂಡೆ. ಎರಡು ತಿಂಗಳ ನಂತರ ಸಂಬಂಧಿಕರೊಬ್ಬರನ್ನು ನೋಡಲು ಅಲ್ಲಿಗೆ ಹೋದಾಗ, ನನ್ನ ಫಲಕದ ಮೇಲೆಯೇ ಒಂದು ರಟ್ಟಿನ ತುಂಡು ಅಂಟಿಸಿದ್ದು ಕಂಡಿತು. ಅದರ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ತಿದ್ದಿ ತಿದ್ದಿ ದಪ್ಪ ಮಾಡಿ ಬರೆದಿದ್ದರು: "ರಕ್ತ ತೆಗೆಯುವುದು ಇಲ್ಲಿ ಅಲ್ಲ, ಕೆಳಗೆ." ಬರೆದವರು ಬಾಗಿಲಲ್ಲಿ ನಿಲ್ಲುವ ಸೆಕ್ಯುರಿಟಿಯವರು. ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಅವರ ಪಕ್ಕದಲ್ಲಿ ಒಂದು ಗಂಟೆ ನಿಂತೆ, ಮರುದಿನ ಬೆಳಿಗ್ಗೆಯೂ ಹೋದೆ, ಮೂರನೆಯ ದಿನವೂ ಹೋದೆ. ಜನ ಏನು ಕೇಳುತ್ತಾರೆ ಎಂದು ಒಂದು ನೋಟ್‌ಪುಸ್ತಕದಲ್ಲಿ ಗೀಟು ಹಾಕುತ್ತ ಹೋದೆ.

'ಪೆಥಾಲಜಿ ಎಲ್ಲಿ' ಎಂದು ಆ ಮೂರು ದಿನಗಳಲ್ಲಿ ಒಬ್ಬರೂ ಕೇಳಲಿಲ್ಲ. 'ಹೊರರೋಗಿ ವಿಭಾಗ'ವನ್ನೂ ಯಾರೂ ಕೇಳಲಿಲ್ಲ. "ಚೀಟಿ ಮಲ್ಪುನ ಓಲು?" (ಚೀಟಿ ಮಾಡುವುದು ಎಲ್ಲಿ?) ಎಂದು ತುಳುವಿನಲ್ಲಿ, "ರಕ್ತ ಕೊಡುವುದು ಎಲ್ಲಿ?" ಎಂದು ಕನ್ನಡದಲ್ಲಿ, ಇನ್ನು ಕೆಲವರು ವೈದ್ಯರ ಹೆಸರು ಹೇಳಿ, ಹಲವರು ಏನನ್ನೂ ಹೇಳದೆ ಕೈಯಲ್ಲಿದ್ದ ಕಾಗದವನ್ನು ಮುಂದೆ ಚಾಚಿ ಕೇಳಿದರು. ನನ್ನ ಫಲಕಗಳು ಕಟ್ಟಡದ ನಕ್ಷೆಯನ್ನು ಹೇಳುತ್ತಿದ್ದವು. ಬಂದವರಿಗೆ ಬೇಕಾಗಿದ್ದದ್ದು ತಮ್ಮ ಮುಂದಿನ ಕೆಲಸ ಯಾವುದು ಎಂಬುದು. ಸೆಕ್ಯುರಿಟಿಯವರಿಗೆ ಅದು ಗೊತ್ತಿತ್ತು, ದಿನಕ್ಕೆ ನೂರಾರು ಸಲ ಹೇಳುತ್ತಿದ್ದರು, ಆದರೆ ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಎರಡನೆಯ ಸಲ ಫಲಕ ಮಾಡಿದಾಗ 'ಚೀಟಿ ಮಾಡಿಸುವಲ್ಲಿ', 'ರಕ್ತ ಕೊಡುವಲ್ಲಿ', 'ಔಷಧಿ ಸಿಗುವಲ್ಲಿ' ಎಂದು ಬರೆದೆವು, ನೆಲದ ಮೇಲೆ ಬಣ್ಣದ ಗೆರೆ ಎಳೆದೆವು, ಚೀಟಿಯ ಮೂಲೆಗೂ ಅದೇ ಬಣ್ಣ ಹಾಕಿಸಿದೆವು. ಚಂದದ ಲೆಕ್ಕದಲ್ಲಿ ಮೊದಲಿನದೇ ಮೇಲು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ರಟ್ಟಿನ ತುಂಡು ಮಾತ್ರ ಮತ್ತೆ ಬರಲಿಲ್ಲ.

ಆ ಎರಡನೆಯ ಸಲದ ಕೆಲಸಕ್ಕೆ ನನಗೆ ಹಣ ಸಿಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ದೂರಿಗಾಗಿ ಇದನ್ನು ಹೇಳುತ್ತಿಲ್ಲ; ಒಪ್ಪಂದದಲ್ಲಿ ಅಂತಹದ್ದೊಂದು ಸಾಲೇ ಇರಲಿಲ್ಲ. ಕಟ್ಟಿದ ಮೇಲೆ ಮರಳಿ ಬಂದು ನೋಡುವುದು ನಮ್ಮ ಯಾವ ಕಾಮಗಾರಿಯಲ್ಲೂ ಕೆಲಸದ ಭಾಗವಾಗಿ ಬರೆದಿರುವುದಿಲ್ಲ.

ಕಾಲುದಾರಿಯ ಹಳದಿ ಹೆಂಚುಗಳ ಕಥೆಯೂ ಅಷ್ಟೆ. ಜಪಾನಿನ ಸೇಇಚಿ ಮಿಯಾಕೆ ಎಂಬವರು ರೂಪಿಸಿದ ಈ ಹೆಂಚುಗಳನ್ನು 1967ರಲ್ಲಿ ಒಕಾಯಾಮಾ ನಗರದಲ್ಲಿ, ಅಂಧರ ಶಾಲೆಯೊಂದರ ಹತ್ತಿರದ ರಸ್ತೆಯಲ್ಲಿ, ಮೊದಲ ಬಾರಿ ಹಾಸಿದರು. ಉದ್ದ ಗೆರೆ ಇದ್ದರೆ ನಡೆಯಬಹುದು, ಚುಕ್ಕಿಗಳಿದ್ದರೆ ನಿಲ್ಲಬೇಕು. ಪಾದಕ್ಕೆ ಓದಲು ಬರುವ ಲಿಪಿ ಅದು. ಕರಾವಳಿಯ ಪಟ್ಟಣಗಳಲ್ಲಿ ಆ ಗೆರೆ ಸೀದಾ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟುವುದನ್ನು, ಗೆರೆಯ ಹೆಂಚು ಮುಗಿದಲ್ಲಿ ಮಿಕ್ಕಿದ ಚುಕ್ಕಿಯ ಹೆಂಚನ್ನು ಸುಮ್ಮನೆ ಹಾಕಿ ಮುಗಿಸಿರುವುದನ್ನು ನೋಡಿದ್ದೇನೆ. ಹಾಕಿದ ಕೆಲಸಗಾರರಿಗೆ ಅದು ಹಳದಿ ಬಣ್ಣದ ಅಂಚು ಅಷ್ಟೇ, ಯಾಕೆಂದರೆ ಅದು ಬರಹ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಾಲುದಾರಿಯ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದು, ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು ಎಂದು ನಮ್ಮ ಮಾರ್ಗಸೂಚಿಗಳೇ ಹೇಳುತ್ತವೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಲವೂ ಇದೆ. ಟೇಪು ಹಿಡಿದು ಒಂದು ದಿನ ನಡೆದು ನೋಡಿ.

ಕಸದ ವಿಷಯದಲ್ಲಿ ನಾವು ಕೊಟ್ಟ ಬೆಲೆ ಇದಕ್ಕಿಂತ ದೊಡ್ಡದು. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಕಸ ಸುರಿಯುವ ಜಾಗವಾದ ಪಚ್ಚನಾಡಿಯ ತ್ಯಾಜ್ಯದ ರಾಶಿ ಜಾರಿ, ಕೆಳಗಿನ ಮಂದಾರದ ತೆಂಗು ಕಂಗಿನ ತೋಟಗಳನ್ನೂ ಮನೆಗಳನ್ನೂ ಆವರಿಸಿದ್ದು ಯಾರಿಗೂ ಮರೆತಿರಲಾರದು. ಆ ದಿನಗಳಲ್ಲಿ ನನ್ನಂತಹವರಿಗೆ ಬಂದ ಬೇಡಿಕೆ ಪೋಸ್ಟರಿನದು: ಹಸಿ ಕಸ, ಒಣ ಕಸ ಬೇರ್ಪಡಿಸಿ ಎಂದು ನಗುಮುಖದ ಎರಡು ಬಕೆಟುಗಳ ಚಿತ್ರ. ನಾನೂ ಬರೆದುಕೊಟ್ಟೆ. ಆದರೆ ಆ ಪೋಸ್ಟರ್ ಓದಿದ ಗೃಹಿಣಿಯ ಅಡುಗೆಮನೆಯಲ್ಲಿ ಮೂರು ಬಕೆಟ್ ಇಡಲು ಜಾಗ ಎಲ್ಲಿದೆ? ಗಾಡಿ ನಾಳೆ ಬಾರದಿದ್ದರೆ ಇವತ್ತಿನ ಮೀನಿನ ತ್ಯಾಜ್ಯವನ್ನು ಆಕೆ ಎಲ್ಲಿಡಬೇಕು? ಬೊಂಡದ ಚಿಪ್ಪು ಯಾವ ಬಕೆಟಿಗೆ? ಬಾಡಿಗೆ ಮನೆಯ ನಾಲ್ಕನೆಯ ಮಹಡಿಯಿಂದ ಬೆಳಿಗ್ಗೆ ಏಳು ಗಂಟೆಗೆ ಇಳಿದು ಬರಬೇಕಾದವರು ಯಾರು, ಆ ಹೊತ್ತಿಗೆ ಅವರ ಕೈಯಲ್ಲಿ ಏನಿರುತ್ತದೆ? 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಮೂರು ಬಗೆಯಾಗಿ ಬೇರ್ಪಡಿಸಬೇಕೆಂದು ಹೇಳಿದವು, ಸರಿಯಾಗಿಯೇ ಹೇಳಿದವು. ನಿಯಮಕ್ಕೂ ಅಡುಗೆಮನೆಯ ಸಿಂಕಿನ ಅಡಿಯ ಒಂದೂವರೆ ಅಡಿ ಜಾಗಕ್ಕೂ ನಡುವೆ ಇರುವ ದಾರಿಯನ್ನು ಯಾರೂ ಹಾಕಿಕೊಡಲಿಲ್ಲ. ಪೋಸ್ಟರ್ ಕೇಳಿದಾಗ ನಾನು ಈ ಪ್ರಶ್ನೆಗಳನ್ನು ಕೇಳಬೇಕಿತ್ತು, ಕೇಳದೆ ಬಕೆಟಿಗೆ ನಗು ಬರೆದೆ.

ಈಗ ವೃತ್ತಿಬಾಂಧವರಿಗೆ, ಅದರಲ್ಲೂ ಮಣಿಪಾಲ, ಮಂಗಳೂರುಗಳಲ್ಲಿ ಓದಿ ಈಗ ಮನೆಯಲ್ಲೇ ಕುಳಿತು ದೂರದ ಕಂಪೆನಿಗಳಿಗೆ ಮೊಬೈಲ್ ಪರದೆಗಳನ್ನು ರೂಪಿಸುತ್ತಿರುವ ಕಿರಿಯರಿಗೆ ಒಂದೆರಡು ಮಾತು. ಎರಡು ಆಣೆಯ ಪಿಗ್ಮಿಗೆ ಬೇಕಾಗಿದ್ದ ಕುಶಲತೆ ಮತ್ತು ಇಂದು ಒಂದು ಸಾಲದ ಆ್ಯಪಿಗೆ ಬೇಕಾದ ಕುಶಲತೆ ಬೇರೆಯಲ್ಲ: ಮನುಷ್ಯನ ದಿನಚರಿ, ಸಂಕೋಚ, ಆತುರ ಇವನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಎರಡೂ ಸಾಧ್ಯ. ಅಂದು ಆ ತಿಳಿವಳಿಕೆ ಉಳಿಸಲು ನೆರವಾಯಿತು. ಇಂದು 'ಬೇಡ' ಎಂಬ ಗುಂಡಿಯನ್ನು ಬೂದು ಬಣ್ಣಕ್ಕೆ ಇಳಿಸಿ 'ಸರಿ' ಎಂಬುದನ್ನು ಹಸಿರಾಗಿ ಉಬ್ಬಿಸುವುದಕ್ಕೂ, ಕೇಳದ ವಿಮೆಯನ್ನು ಬಿಲ್ಲಿನೊಳಗೆ ಸದ್ದಿಲ್ಲದೆ ಸೇರಿಸುವುದಕ್ಕೂ, 'ಇನ್ನು ಐದು ನಿಮಿಷ ಮಾತ್ರ' ಎಂದು ಸುಳ್ಳು ಗಡಿಯಾರ ಓಡಿಸುವುದಕ್ಕೂ ಬಳಕೆಯಾಗುತ್ತಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂತಹ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಆ ಪಟ್ಟಿಯ ಒಂದೊಂದನ್ನೂ ಯಾರೋ ವಿನ್ಯಾಸಕರು ಸಂಬಳ ಪಡೆದು ಬರೆದಿದ್ದಾರೆ. ಕಂಪೆನಿ ಹೇಳಿತು, ಮಾಡಿದೆ ಎಂಬ ಉತ್ತರ ನನ್ನಲ್ಲೂ ಇತ್ತು, ಬಕೆಟಿನ ನಗುವಿನ ಮಟ್ಟಿಗೆ. ಅದು ಎಷ್ಟು ತೆಳ್ಳಗಿನ ಉತ್ತರ ಎಂದು ಗೊತ್ತಿರುವುದರಿಂದಲೇ ಹೇಳುತ್ತಿದ್ದೇನೆ.

ಅಧಿಕಾರದಲ್ಲಿರುವ ನಿಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಸಾರ್ವಜನಿಕ ಕೆಲಸಕ್ಕೆ ಟೆಂಡರ್ ಬೇಕು, ಸರಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆ ಬೇಕು, ಕಡಿಮೆ ದರ ನಮೂದಿಸಿದವರಿಗೆ ಕೆಲಸ ಸಿಗುವುದರಲ್ಲಿ ನನಗೆ ತಕರಾರಿಲ್ಲ. ಸಿಮೆಂಟಿಗೆ, ಕಬ್ಬಿಣಕ್ಕೆ ಆ ಕ್ರಮವೇ ಸರಿ. ಆದರೆ ಟೆಂಡರಿನ ಕಾಗದ ತಯಾರಾಗುವ ಹೊತ್ತಿಗೆ ವಿನ್ಯಾಸ ಮುಗಿದುಹೋಗಿರುತ್ತದೆ, ಅಂದಾಜುಪಟ್ಟಿ ಟೈಪಾಗುವಾಗಲೇ, ಹೆಚ್ಚಿನ ಸಲ ಹಿಂದಿನ ಕಾಮಗಾರಿಯ ಹಾಳೆಯ ನಕಲಿನಿಂದಲೇ. ಅದಕ್ಕಿಂತ ಮೊದಲು ಒಂದು ಹಂತ ಸೇರಿಸಿ. ಕಟ್ಟಬೇಕಾದ್ದನ್ನು ಪೂರ್ಣ ಅಳತೆಯಲ್ಲಿ ಹಲಗೆ, ಮರಳಿನ ಚೀಲ, ಸುಣ್ಣದ ಗೆರೆಗಳಿಂದ ಅದೇ ಜಾಗದಲ್ಲಿ ಎರಡು ವಾರ ನಿಲ್ಲಿಸಿ, ಬಳಸುವವರು ಬಳಸುವುದನ್ನು ನೋಡಿ, ತಿದ್ದಿ, ಆಮೇಲೆ ಅಳತೆ ಬರೆಯಿರಿ. ಅದನ್ನು ನಡೆಸಲು ಒಬ್ಬ ವಿನ್ಯಾಸಕರನ್ನು ಸಂಬಳ ಕೊಟ್ಟು ನೇಮಿಸಿ, ಕೆಲಸ ಮುಗಿದ ಆರು ತಿಂಗಳ ನಂತರ ಮರಳಿ ಬಂದು ವರದಿ ಕೊಡುವ ಹೊಣೆಯನ್ನೂ ಅವರ ಒಪ್ಪಂದದಲ್ಲೇ ಬರೆಯಿರಿ. (ಪ್ರಮಾಣಪತ್ರ ಮತ್ತು ಹಾರದ ಆಸೆ ತೋರಿಸಿ ವಿದ್ಯಾರ್ಥಿಗಳಿಂದ ಲಾಂಛನ ಬರೆಸುವ ಸ್ಪರ್ಧೆಗಳನ್ನು ದಯವಿಟ್ಟು ಇದರ ಲೆಕ್ಕಕ್ಕೆ ಸೇರಿಸಬೇಡಿ.)

ಬಸ್ ತಂಗುದಾಣದಿಂದಲೇ ಶುರು ಮಾಡಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ನಮ್ಮದು. ನೇಜಿ (ಭತ್ತದ ಸಸಿ) ನೆಡುವ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬು ಎಂಬ ಮಳೆಹೊದಿಕೆಯನ್ನು ನೆನಪಿಸಿಕೊಳ್ಳಿ: ಬಗ್ಗಿದ ಬೆನ್ನಿಡೀ ಮುಚ್ಚುತ್ತದೆ, ಎರಡೂ ಕೈ ಖಾಲಿ ಇರುತ್ತವೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಮಾಡತೊಡಗಿದ ಮಂಗಳೂರು ಹಂಚಿಗೂ ಒಂದರೊಳಗೊಂದು ಕೂರುವ ಚಾಲುಗಳಿವೆ, ರೀಪಿಗೆ ಸಿಕ್ಕಿಕೊಳ್ಳುವ ಉಬ್ಬು ಇದೆ. ಮಳೆಯನ್ನು ನಿಂತು ನೋಡಿದವರ ಕೆಲಸಗಳು ಇವು. ಈಗಿನ ತಂಗುದಾಣಗಳಲ್ಲಿ ಮಳೆ ಬಂದಾಗ ಜನ ಅದರ ಹಿಂದಿನ ಅಂಗಡಿಯ ಮಾಡಿನ ಕೆಳಗೆ ನಿಲ್ಲುತ್ತಾರೆ, ಬಸ್ ಬಂದಾಗ ಅಲ್ಲಿಂದ ಓಡಿ ಬರುತ್ತಾರೆ, ಕಂಡಕ್ಟರ್ "ಬೇಗ ಬೇಗ" ಎನ್ನುತ್ತಾನೆ, ಒದ್ದೆ ಮೆಟ್ಟಿಲಿನಲ್ಲಿ ಮುದುಕರು ಜಾರುತ್ತಾರೆ.

ಜುಲೈ ತಿಂಗಳ ಯಾವುದಾದರೂ ಎರಡು ವಾರ, ನೀವು ತೋರಿಸಿದ ಒಂದು ನಿಲುಗಡೆಯಲ್ಲಿ, ಬಿದಿರು ಮತ್ತು ಶೀಟುಗಳಿಂದ ಅಂತಹ ಒಂದು ಮಾದರಿಯನ್ನು ನಿಲ್ಲಿಸಿಕೊಡಲು ನಾನೂ ನನ್ನ ನಾಲ್ವರು ಸ್ನೇಹಿತರೂ ಸಿದ್ಧರಿದ್ದೇವೆ. ಸಾಮಾನಿನ ಖರ್ಚು ನಮ್ಮದು. ಜಾಗದ ಅನುಮತಿ ಮತ್ತು ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ನಮ್ಮ ಜೊತೆ ನಿಲ್ಲಲು ನಿಮ್ಮ ಕಡೆಯ ಒಬ್ಬ ಎಂಜಿನಿಯರ್ ಬೇಕು. ನಿಲುಗಡೆ ಯಾವುದೆಂದು ಮೇ ತಿಂಗಳ ಒಳಗೆ ತಿಳಿಸಿದರೆ ಬಿದಿರು ತರಿಸಲು ಅನುಕೂಲವಾಗುತ್ತದೆ.

ಇಂತು ವಿಶ್ವಾಸಿ,
ಮಂಗಳೂರಿನ ಒಬ್ಬ ವಿನ್ಯಾಸಕಿ